ಇಳಿತದ ತಿರುವಿನಲ್ಲಿ ಮುಂದಿನ ಚಕ್ರ ಜಾರುತ್ತದೆ, ಸ್ಟೆಮ್ ಬದಲಿಸಬೇಕಾ?

ಮುಳ್ಳೇರಿಯದ ಸವಾರ:

ನಮಸ್ಕಾರ. ನನ್ನದು 29 ಇಂಚು ಚಕ್ರದ ಹಾರ್ಡ್‌ಟೇಲ್ ಎಂಟಿಬಿ (ಹಿಂದೆ ಸಸ್ಪೆನ್ಷನ್ ಇಲ್ಲದ ಮೌಂಟನ್ ಬೈಕ್), ಸೆಕೆಂಡ್ ಹ್ಯಾಂಡ್. ನನ್ನ ಎತ್ತರ 5 ಅಡಿ 6 ಇಂಚು, ತೂಕ 68 ಕಿಲೋ, ಫ್ರೇಮ್ ಮೀಡಿಯಂ. ಸ್ಟೆಮ್ (ಹ್ಯಾಂಡಲನ್ನು ಸೈಕಲ್ಲಿಗೆ ಜೋಡಿಸುವ ತುಂಡು) 90 ಮಿ.ಮೀ., ಹ್ಯಾಂಡಲ್ ಅಗಲ 680 ಮಿ.ಮೀ., ಟಯರ್ 2.1 ಇಂಚು. ಚೆರ್ಕಳ–ಜಾಲ್ಸೂರು ರಸ್ತೆಯಲ್ಲಿ ಎಷ್ಟು ಓಡಿಸಿದರೂ ಆರಾಮ. ಗುಡ್ಡೆಯ ಮಣ್ಣುದಾರಿಗೆ ಇಳಿಸಿದರೆ ಮಾತ್ರ ಕಷ್ಟ. ಮುರಕಲ್ಲಿನ ಹರಳು ಹರಡಿರುವ ತಿರುವುಗಳಲ್ಲಿ ಮುಂದಿನ ಚಕ್ರ ಹೊರಗೆ ಜಾರುತ್ತದೆ. ಸ್ವಲ್ಪ ಹೊತ್ತಿಗೆ ಅಂಗೈ ಜುಮ್ಮೆನ್ನುತ್ತದೆ, ಸೊಂಟವೂ ಹಿಡಿಯುತ್ತದೆ. ಹ್ಯಾಂಡಲ್ ದೂರ ಅನ್ನಿಸಿದ್ದಕ್ಕೆ ಸೀಟನ್ನು ಪೂರ್ತಿ ಮುಂದಕ್ಕೆ ತಳ್ಳಿದ್ದೇನೆ. ಪಂಕ್ಚರ್ ಭಯಕ್ಕೆ ಗಾಳಿ 50 ಪಿಎಸ್‌ಐ. 35 ಮಿ.ಮೀ. ಸ್ಟೆಮ್ ಹಾಕಿದರೆ ಎಲ್ಲ ಸರಿಯಾಗುತ್ತದೆ ಎಂದು ಒಬ್ಬರು ಹೇಳಿದರು. ಹೌದಾ?

ಕುಂಬಳೆ ಗೇರ್:

50 ಪಿಎಸ್‌ಐ ಯಾಕೆ ಮಾರಾಯ್ರೆ? ಮೊದಲು ಗಾಳಿ ಬಿಡಿ, ಆಮೇಲೆ ಸ್ಟೆಮ್ ಮಾತು.

ಪೆರ್ಲದ ಭಾವ:

ಕುಂಬಳೆಯವರು ಹೇಳಿದ್ದು ಸರಿ, ಆದರೆ ಎಷ್ಟು ಬಿಡಬೇಕು ಎಂದೂ ಹೇಳಬೇಕಲ್ವಾ. ನಿಮ್ಮ ತೂಕಕ್ಕೆ, ಟ್ಯೂಬ್ ಇರುವ 2.1 ಟಯರಿಗೆ ಮುಂದೆ 28, ಹಿಂದೆ 32 ಹಾಕಿ ನೋಡಿ. ಟಯರಿನ ಬದಿಯಲ್ಲಿ ಕನಿಷ್ಠ ಎಷ್ಟು ಎಂದು ಅಚ್ಚು ಹಾಕಿರುತ್ತಾರೆ, ಅದಕ್ಕಿಂತ ಕೆಳಗೆ ಹೋಗಬೇಡಿ. 50ರಲ್ಲಿ ಟಯರ್ ಕಲ್ಲಾಗಿರುತ್ತದೆ. ಹರಳಿನ ಮೇಲೆ ಒತ್ತಿ ಕೂರುವುದಿಲ್ಲ, ಉರುಳುತ್ತದೆ. ಇನ್ನು, ಮುಂದಿನ ಚಕ್ರ ಹಿಡಿದು ಕುಲುಕು ನುಂಗುವ ಫೋರ್ಕ್‌ನ ಲಾಕ್ ಹಾಕಿಯೇ (ಅದು ಕುಗ್ಗದ ಹಾಗೆ ಬಿಗಿದೇ) ಇಳಿಯುತ್ತೀರಾ ಎಂದೂ ನೋಡಿ. ಹೊಸಬರಲ್ಲಿ ಅರ್ಧಕ್ಕರ್ಧ ಜನ ಹಾಗೆ. ಫೋರ್ಕ್‌ನ ಕಾಲಿಗೆ ಒಂದು ಕೇಬಲ್ ಟೈ ಕಟ್ಟಿ, ಮೆಲ್ಲ ಹತ್ತಿ ಸವಾರಿ ಭಂಗಿಯಲ್ಲಿ ನಿಲ್ಲಿ, ಮೆಲ್ಲ ಇಳಿಯಿರಿ. 100 ಮಿ.ಮೀ. ಫೋರ್ಕ್ ಆದರೆ ಟೈ 20–25 ಮಿ.ಮೀ. ಸರಿದಿರಬೇಕು. ಸರಿಯದಿದ್ದರೆ ಪ್ರಿಲೋಡ್ ತಿರುಪು (ಫೋರ್ಕ್ ಸ್ಪ್ರಿಂಗ್ ಬಿಗಿ ಮಾಡುವುದು) ಸಡಿಲಿಸಿ.

ಈಗ ಸೀಟು. ನಿಮ್ಮ ಅಂಗೈ ನೋವಿಗೆ ನನಗೆ ಸಂಶಯ ಸೀಟಿನ ಮೇಲೆಯೇ. ಸೀಟು ಇರುವುದು ಕಾಲಿಗೆ ಹೊಂದಿಸಲಿಕ್ಕೆ, ಕೈಗಲ್ಲ. ಹ್ಯಾಂಡಲ್ ದೂರ ಎಂದು ಅದನ್ನು ಮುಂದಕ್ಕೆ ತಂದರೆ ಮೈಭಾರ ಕೈಮೇಲೆ ಬೀಳುತ್ತದೆ. ಸೀಟಿನ ಮೂಗು ಕೆಳಗೆ ಬಗ್ಗಿದ್ದರೆ ಇನ್ನೂ ಜಾಸ್ತಿ. ಮಟ್ಟ ಮಾಡಿ.

ಎತ್ತರ ಹೀಗೆ: ಪೆಡಲ್ ತೀರಾ ಕೆಳಗಿರುವಾಗ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು. ಆಗ ಪಾದದ ಮುಂಭಾಗದಿಂದ ತುಳಿಯುವಾಗ ಮೊಣಕಾಲು ಸ್ವಲ್ಪ ಮಡಚಿರುತ್ತದೆ. ಹಿಂದೆ–ಮುಂದೆ ಮಾಡಲು ಮೇಸ್ತ್ರಿಗಳ ತೂಗುಗುಂಡು ಸಾಕು. ಕ್ರ್ಯಾಂಕ್ (ಪೆಡಲ್ ಸಿಕ್ಕಿಸಿದ ತೋಳು) ನೆಲಕ್ಕೆ ಸಮವಾಗಿರಲಿ, ಮುಂದಿನ ಮೊಣಚಿಪ್ಪಿನ ಕೆಳಗಿಂದ ಗುಂಡು ಬಿಡಿ. ನೂಲು ಪೆಡಲಿನ ಅಚ್ಚಿನ ಆಸುಪಾಸಿಗೆ ಬಂದರೆ ಸಾಕು. ಇದು ಕಬ್ಬಿಣದ ನಿಯಮ ಅಲ್ಲ, ಶುರು ಮಾಡಲಿಕ್ಕೆ ಒಂದು ಜಾಗ ಅಷ್ಟೆ.

ಸೀಟು ಹಿಂದೆ ಹೋದಾಗ ಹ್ಯಾಂಡಲ್ ಇನ್ನೂ ದೂರ ಅನ್ನಿಸುತ್ತದೆ. ಆಗ ಸ್ಟೆಮ್ ಬದಲಿಸಿ. ಆದರೆ 35 ಬೇಡ, 60 ತನ್ನಿ. ಸ್ಟೆಮ್ ಗಿಡ್ಡ ಆದ ಹಾಗೆ ಮೈ ಹಿಂದಕ್ಕೆ ಸರಿದು ಮುಂದಿನ ಚಕ್ರ ಹಗುರ ಆಗುತ್ತದೆ. ನಿಮ್ಮ ದೂರು ಅದೇ ಚಕ್ರದ ಬಗ್ಗೆ! ಹಾಗಾಗಿ ಜೊತೆಗೆ 740ರ ಹ್ಯಾಂಡಲ್ ಹಾಕಿ. ಅಗಲ ಹಿಡಿದಾಗ ಮೊಣಕೈ ಹೊರಗೆ ಹೋಗುತ್ತದೆ, ಎದೆ ಬಗ್ಗುತ್ತದೆ, ಭಾರ ಮುಂದೆ ಬರುತ್ತದೆ. ತೋಟದ ಅಡಿಕೆ ಮರಗಳ ನಡುವೆ ಓಡಿಸುವವರು ಇನ್ನೂ ಅಗಲಕ್ಕೆ ಹೋಗಬೇಡಿ, ಬೆರಳ ಗಂಟು ಕಿತ್ತುಹೋಗುತ್ತದೆ.

ಪೈವಳಿಕೆ ಇಳಿಜಾರು:

ಭಾವ, 60 ಕೂಡ ಈಗಲೇ ಬೇಡ ಎಂದು ನನ್ನ ಅಭಿಪ್ರಾಯ. ಹಳೆ ಫ್ರೇಮ್ ಆದರೆ ಅದನ್ನು ಉದ್ದ ಸ್ಟೆಮ್‌ಗೆಂದೇ ಗಿಡ್ಡ ಮಾಡಿರುತ್ತಾರೆ. ಗಿಡ್ಡ ಸ್ಟೆಮ್ ಹಾಕಿದರೆ ಕಡಿದಾದ ಏರಿನಲ್ಲಿ ಮುಂದಿನ ಚಕ್ರ ಎದ್ದು ಅಲೆಯುತ್ತದೆ. ಪೊಸಡಿ ಗುಂಪೆ ಗುಡ್ಡದ ಕಡೆ ಹತ್ತಿದವರಿಗೆ ಗೊತ್ತು.

ಇಳಿಯುವಾಗ ಸೀಟು ತಗ್ಗಿಸುತ್ತೀರಾ? ಅದನ್ನು ಯಾರೂ ಕೇಳಲೇ ಇಲ್ಲ. ಕ್ವಿಕ್ ರಿಲೀಸ್ (ಕೈಯಲ್ಲೇ ಸಡಿಲಿಸುವ ಹಿಡಿ) ಇದ್ದರೆ ನಾಲ್ಕೈದು ಬೆರಳು ತಗ್ಗಿಸಿ. ಎತ್ತರದ ಸೀಟು ಹಿಂದಿನಿಂದ ನೂಕುವಾಗ ಎಲ್ಲರೂ ಹೆದರಿ ಹಿಂದಕ್ಕೆ ವಾಲುತ್ತಾರೆ, ಮುಂದಿನ ಚಕ್ರಕ್ಕೆ ಭಾರವೇ ಸಿಗುವುದಿಲ್ಲ. ಬ್ರೇಕ್ ತಿರುವಿಗೆ ಮೊದಲೇ ಹಿಡಿದು ಮುಗಿಸಿ. ಹರಳಿನ ತಿರುವಿನ ಮಧ್ಯೆ ಮುಂದಿನ ಬ್ರೇಕ್ ಮುಟ್ಟಿದರೆ ಯಾವ ಸ್ಟೆಮ್ ಇದ್ದರೂ ಬೀಳುವುದೇ. ಮಳೆಗಾಲದಲ್ಲಿ ಪಾಚಿ ಹಿಡಿದ ಪಾರೆ ಸಿಕ್ಕಿದರೆ ಇಳಿದು ನೂಕಿ, ಮರ್ಯಾದೆ ಹೋಗುವುದಿಲ್ಲ.

ಪೆರ್ಲದ ಭಾವ:

ಏರಿನ ಮಾತು ಒಪ್ಪಿದೆ. ಆದರೆ ಅವರ ಸೊಂಟ ಹಿಡಿಯುವುದಕ್ಕೆ ಏನು ಮಾಡುತ್ತೀರಿ? 5 ಅಡಿ 6 ಇಂಚಿನವರಿಗೆ ಮೀಡಿಯಂ 29ರಲ್ಲಿ 90 ಉದ್ದವೇ. ಬೇಕಾದರೆ ಹೀಗೆ ಮಾಡಲಿ: ಗಾಳಿ, ಫೋರ್ಕ್, ಸೀಟು ಸರಿ ಮಾಡಿ ಒಂದೆರಡು ಭಾನುವಾರ ಅದೇ ದಾರಿಯಲ್ಲಿ ಓಡಿಸಲಿ. ಖರ್ಚಿಲ್ಲ. ಆಮೇಲೂ ಸೊಂಟ ನೋಯುತ್ತದಾದರೆ ಸ್ಟೆಮ್ ತರಲಿ.

ಮುಳ್ಳೇರಿಯದ ಸವಾರ:

ಗಾಳಿ ಮತ್ತು ಸೀಟು ಮಾಡಿದೆ. ಅಂಗೈ ಈಗ ಪರವಾಗಿಲ್ಲ, ಜಾರುವುದೂ ಕಡಿಮೆ. ಸೊಂಟ ಮಾತ್ರ ಹಾಗೆಯೇ, ಸ್ಟೆಮ್ ತರಿಸುತ್ತಿದ್ದೇನೆ. ಮನೆಯಲ್ಲೇ ಹಾಕಬಹುದಾ?

ಪೆರ್ಲದ ಭಾವ:

ಧಾರಾಳ. ಸ್ಟೆಮ್ ಹ್ಯಾಂಡಲನ್ನು ಕಚ್ಚಿ ಹಿಡಿಯುವ ಜಾಗದಲ್ಲಿ ಹ್ಯಾಂಡಲಿನ ದಪ್ಪ 31.8 ಮಿ.ಮೀ. ಆಗಿದೆಯಾ ಅಳೆದು ತರಿಸಿ, ಹಳೆ ಸೈಕಲ್ಲಿನಲ್ಲಿ 25.4 ಇರುವುದೂ ಉಂಟು. ಹಾಕುವಾಗ ಮೊದಲು ಮೇಲಿನ ಟೋಪಿ ತಿರುಪು, ಆಮೇಲೆ ಬದಿಯ ಬೋಲ್ಟು. ಮುಂದಿನ ಬ್ರೇಕ್ ಹಿಡಿದು ಸೈಕಲನ್ನು ಹಿಂದೆ ಮುಂದೆ ಅಲುಗಿಸಿ, ಟಕಟಕ ಅನ್ನಬಾರದು. ಹ್ಯಾಂಡಲ್ ತಿರುಗಿಸಿದರೆ ಬಿಗಿಯೂ ಇರಬಾರದು. ಬೋಲ್ಟಿಗೆ ಎಷ್ಟು ಬಿಗಿ ಬೇಕು ಎಂದು ಸ್ಟೆಮ್ ಮೇಲೆಯೇ ಬರೆದಿರುತ್ತದೆ, ಸಾಮಾನ್ಯವಾಗಿ 5 ನ್ಯೂಟನ್ ಮೀಟರ್ ಆಸುಪಾಸು. ಅಳೆಯುವ ಟಾರ್ಕ್ ಕೀ ನನ್ನ ಹತ್ತಿರ ಉಂಟು. ಪೆರ್ಲ ಕಡೆ ಬರುವುದಿದ್ದರೆ ಇಲ್ಲೇ ತಿಳಿಸಿ.