ಗುಂಪು ಪ್ರದರ್ಶನದಲ್ಲಿ ಪಕ್ಕದ ಚಿತ್ರ ನಮ್ಮದನ್ನು ನುಂಗಿದರೆ ಏನು ಮಾಡುವುದು?

ಕೂಡ್ಲಿ ಟೀಚರ್

ನಮಸ್ಕಾರ. ಶಿವಮೊಗ್ಗದ ಕಡೆ ಒಂದು ಹೈಸ್ಕೂಲಿನಲ್ಲಿ ನಾನು ಡ್ರಾಯಿಂಗ್ ಟೀಚರ್. ಮಾಡುವುದು ಜಲವರ್ಣ. ಪುರುಸೊತ್ತು ಸಿಗುವುದೇ ಏಪ್ರಿಲ್-ಮೇ ರಜೆಯಲ್ಲಿ, ಹಾಗಾಗಿ ನಮ್ಮಂಥವರ ಗುಂಪು ಪ್ರದರ್ಶನಗಳೆಲ್ಲ ಬೇಸಿಗೆಯಲ್ಲೇ.

ಹೋದ ವರ್ಷ ಒಂಬತ್ತು ಜನ ಸೇರಿ ಬೆಂಗಳೂರಿನಲ್ಲಿ ಮಾಡಿದೆವು. ತಲೆಗೆ 6,500 ರೂಪಾಯಿ. ನನ್ನವು ಮೂರು, ಮೂರೂ ಕೂಡ್ಲಿಯವು. ತುಂಗೆ, ಭದ್ರೆ ಸೇರುವ ಕಡೆ ಬೇಸಿಗೆಯಲ್ಲಿ ನೀರು ಇಳಿದು ಕಲ್ಲುಗಳು ಬೆನ್ನು ತೋರಿಸುತ್ತವೆ. ಬೆಳಗ್ಗೆ ಆರೂವರೆಗೇ ಹೋಗಿ ಕೂತು ಬರೆದದ್ದು. ಎಂಟು ದಾಟಿತೋ, ವಾಶ್ (ನೀರಾದ ಬಣ್ಣದ ತೆಳು ಪದರ) ಹಾಕಿ ಬ್ರಷ್ ತಿರುಗಿಸುವಷ್ಟರಲ್ಲಿ ಅಂಚು ಒಣಗಿ ಗೆರೆ ಬೀಳುತ್ತದೆ. ನೀರಿಗೆ ಎರಡು ತೊಟ್ಟು ಗ್ಲಿಸರಿನ್ ಹಾಕಿ ನೋಡಿದೆ, ಸ್ವಲ್ಪ ವಾಸಿ. ಆಕಾಶಕ್ಕೂ ನೀರಿಗೂ ಒಂದೇ ತೆಳು ಬೂದು. ಬಿಸಿಲು ಅಂದರೆ ಬಣ್ಣ ಹಚ್ಚದೆ ಬಿಟ್ಟ ಕಾಗದ, ಅಷ್ಟೇ.

ತೂಗುಹಾಕುವ ದಿನ ತಿಪಟೂರಿನ ಹತ್ತಿರ ಬಸ್ಸು ಕೆಟ್ಟಿತು. ಹೋಗಿ ನೋಡಿದರೆ ನನ್ನ ಮೂರರ ಪಕ್ಕದಲ್ಲೇ ಐದಡಿ ಅಗಲದ, ಅಕ್ರಿಲಿಕ್ ಬಣ್ಣದಲ್ಲಿ ಬರೆದ ಹುಲಿವೇಷ. ಉರಿಯುವ ಹಳದಿ, ಕೆಂಪು ನಾಲಿಗೆ. ಬಂದವರೆಲ್ಲ ಹುಲಿಯ ಮುಂದೆ ಫೋಟೋ. ಸರದಿ ಕಾಯುವವರು ನನ್ನ ನದಿಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದರು. ಐದು ದಿನದಲ್ಲಿ ಒಬ್ಬರು ಮಾತ್ರ ಹತ್ತಿರ ಬಂದು ನೋಡಿದರು. ಕೇಳಿದ್ದು ಒಂದೇ ಮಾತು: "ಇದು ಇನ್ನೂ ಮುಗಿದಿಲ್ವಾ ಮೇಡಂ?"

ಈ ಸಲ ಮತ್ತೆ ಕರೆದಿದ್ದಾರೆ. ಬಣ್ಣ ಜಾಸ್ತಿ ಮಾಡಬೇಕಾ? ಇಲ್ಲ ಸುಮ್ನೆ ದುಡ್ಡು ಉಳಿಸಿಕೊಂಡು ಮನೆಯಲ್ಲಿರಬೇಕಾ?

ಫ್ರೇಮ್ ಅಂಗಡಿ, ಮೈಸೂರು

ಮೇಡಂ, ನಾನು ಕಲಾವಿದ ಅಲ್ಲ, ಇಪ್ಪತ್ತು ವರ್ಷದಿಂದ ಫ್ರೇಮ್ ಹಾಕುವವನು. ಬಣ್ಣ ಮುಟ್ಟಬೇಡಿ, ಮೌಂಟ್ (ಚಿತ್ರದ ಸುತ್ತ ಫ್ರೇಮಿನ ಒಳಗೆ ಬರುವ ಬಿಳಿ ರಟ್ಟು) ಅಗಲ ಮಾಡಿ. ನಿಮ್ಮದು ಹಾಫ್ ಶೀಟು, 15×22 ಇಂಚು ಇರಬೇಕು ಅಲ್ವಾ? ಎಲ್ಲರೂ ಉಳಿತಾಯಕ್ಕೆ ಒಂದೂವರೆ ಇಂಚು ಮೌಂಟ್ ಹಾಕಿಸುತ್ತಾರೆ. ನೀವು ಸುತ್ತ ನಾಲ್ಕು ಇಂಚು ಹಾಕಿಸಿ, 23×30 ಆಗುತ್ತದೆ. ಆ ಬಿಳಿಯೇ ನಿಮ್ಮ ಕಾಂಪೌಂಡು, ಹುಲಿ ಒಳಗೆ ಬರಲ್ಲ.

ಮೌಂಟ್ ಬೋರ್ಡು ಆಸಿಡ್ ಫ್ರೀ, ಅಂದರೆ ಕಾಗದ ಕೆಡಿಸದ್ದು, ಇರಲಿ. ಅಷ್ಟು ದೂರ ಸಾಗಿಸುವುದಾದರೆ ಗಾಜು ಬೇಡ, ಅಕ್ರಿಲಿಕ್ ಶೀಟು (ಗಾಜಿನಂಥ ಪ್ಲಾಸ್ಟಿಕ್) ಹಗುರ. ಅದನ್ನು ಒಣಬಟ್ಟೆಯಲ್ಲಿ ಒರೆಸಬೇಡಿ, ಗೀರು ಬೀಳುತ್ತದೆ, ಧೂಳೂ ಎಳೆಯುತ್ತದೆ. ಪ್ರದರ್ಶನ ಮುಗಿಸಿ ಬರುವಷ್ಟರಲ್ಲಿ ಮಳೆ ಹಿಡಿದಿರುತ್ತದೆ. ಬಬಲ್ ಶೀಟ್ ಬಿಚ್ಚದೆ ಅಟ್ಟಕ್ಕೆ ಹಾಕಿದಿರೋ, ಆಗಸ್ಟಿಗೆ ಕಾಗದದ ತುಂಬ ಕಂದು ಚುಕ್ಕೆ. ವರ್ಷಕ್ಕೆ ನಾಲ್ಕೈದು ಅಂಥವು ನನ್ನ ಅಂಗಡಿಗೆ ಬರುತ್ತವೆ. ನೋಡಿ ಹೊಟ್ಟೆ ಉರಿಯುತ್ತದೆ.

ಲಂಡನ್ನಿನ ಹಾಸನದವನು

ಟೀಚರ್, ನಿಮ್ಮ ಹುಲಿ ಬಹಳ ಹಳೇ ಹುಲಿ. ಇಲ್ಲಿ ರಾಯಲ್ ಅಕಾಡೆಮಿ ಎಂಬ ಕಲಾಸಂಸ್ಥೆಯ ಬೇಸಿಗೆ ಪ್ರದರ್ಶನ 1769ರಿಂದ ಒಂದು ವರ್ಷವೂ ತಪ್ಪಿಲ್ಲ (2020ರಲ್ಲಿ ಕೋವಿಡ್‌ನಿಂದ ಅಕ್ಟೋಬರಿಗೆ ಹೋಯಿತು, ಹೆಸರು ಮಾತ್ರ ಬೇಸಿಗೆಯದೇ). 1832ರ ಪ್ರದರ್ಶನದಲ್ಲಿ ಇಂಗ್ಲಿಷ್ ಚಿತ್ರಕಾರ ಕಾನ್‌ಸ್ಟೆಬಲ್ ಬರೆದ ವಾಟರ್‌ಲೂ ಸೇತುವೆಯ ಚಿತ್ರದ ಪಕ್ಕ ಇನ್ನೊಬ್ಬ ಚಿತ್ರಕಾರ ಟರ್ನರ್‌ನ ಬೂದು ಕಡಲನ್ನು ತೂಗುಹಾಕಿದ್ದರು. ಕಾನ್‌ಸ್ಟೆಬಲ್ ಗೋಡೆಯ ಮುಂದೆ ನಿಂತು ಇನ್ನೂ ದೋಣಿಗಳ ಬಾವುಟಕ್ಕೆ ಕೆಂಪು ಹಚ್ಚುತ್ತಲೇ ಇದ್ದ. ಟರ್ನರ್ ಬಂದ, ಎರಡೂ ಚಿತ್ರ ನೋಡಿದ. ತನ್ನ ಕಡಲ ಮೇಲೆ ನಾಣ್ಯಕ್ಕಿಂತ ತುಸು ದೊಡ್ಡದೊಂದು ಕೆಂಪು ಚುಕ್ಕೆ ಇಟ್ಟು, ಮಾತಾಡದೆ ಹೋದ. ಕಣ್ಣೆಲ್ಲ ಆ ಚುಕ್ಕೆಗೇ. ಆಮೇಲೆ ಬಂದು ಅದನ್ನೇ ನೀರಿನ ಮೇಲೆ ತೇಲುವ ಗುರುತು ಮಾಡಿದ.

ನಾನೂ ಅಲ್ಲಿಗೆ ಎರಡು ಸಲ ಕಳಿಸಿದೆ. ಮೊದಲ ಸುತ್ತಿನಲ್ಲಿ ಬರೀ ಫೋಟೋ ನೋಡುತ್ತಾರೆ. ಎರಡೂ ಸಲ ಅಲ್ಲೇ ಔಟ್. ನಿಮಗೆ ಗೋಡೆಯಾದರೂ ಸಿಕ್ಕಿದೆ!

ಏಣಿ ಹಿಡಿಯುವವಳು

ಟೀಚರ್, ಬೇಜಾರು ಮಾಡ್ಕೋಬೇಡಿ. ತಪ್ಪು ಹುಲಿಯದಲ್ಲ, ನೀವು ಲೇಟಾಗಿ ಹೋದದ್ದು. ಇಂಥ ಆರು ಪ್ರದರ್ಶನ ಮಾಡಿಸಿದ್ದೇನೆ. ಒಳ್ಳೇ ಗೋಡೆ ಸಿಗುವುದು ಮೊದಲು ಬಂದು ಏಣಿ ಹಿಡಿದವರಿಗೆ. ಹಿಂದಿನ ದಿನವೇ ಹೋಗಿ. ಬಾಗಿಲಿನ ಎದುರಿನ ಗೋಡೆ ಕೇಳಬೇಡಿ, ಅದಕ್ಕೆ ಜಗಳ. ಬಾಗಿಲ ಪಕ್ಕದ ಚಿಕ್ಕ ಗೋಡೆ ಕೇಳಿ. ಅಭಿಪ್ರಾಯದ ಪುಸ್ತಕ ಅಲ್ಲೇ ಇಟ್ಟಿರುತ್ತಾರೆ, ಬರೆಯುವವರು ಒಂದು ನಿಮಿಷ ನಿಲ್ಲಲೇಬೇಕು. ಚಿತ್ರದ ಮಧ್ಯ ನೆಲದಿಂದ 58 ಇಂಚಿಗೆ ಬರಲಿ.

ಮಾರಾಟದ ಆಸೆ ಮಾತ್ರ ಇಟ್ಟುಕೊಳ್ಳಬೇಡಿ. ಮೇ ತಿಂಗಳಲ್ಲಿ ಕೊಳ್ಳುವವರು ಊರಲ್ಲೇ ಇರಲ್ಲ. ಅದಕ್ಕೆ ಜನವರಿಯಲ್ಲಿ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ ಇದೆ.

ಕೂಡ್ಲಿ ಟೀಚರ್

ಎಲ್ಲರಿಗೂ ಥ್ಯಾಂಕ್ಸ್. ಏಣಿ ಮೇಡಂ ಹೇಳಿದ್ದು ಚುರುಕ್ ಅಂತು, ಆದರೆ ನಿಜ. ಬೆಳಗ್ಗೆ ಫೋನ್ ಮಾಡಿ ಕೇಳಿದೆ. ಬಾಗಿಲ ಪಕ್ಕದ ಗೋಡೆ ಖಾಲಿಯೇ ಇದೆಯಂತೆ. ಸ್ವಿಚ್‌ಬೋರ್ಡ್ ಇದೆ ಅಂತ ಯಾರಿಗೂ ಬೇಡವಾಗಿದೆ! ಅಗಲ ಆರಡಿ. ಹಾಗಾಗಿ ಈ ಸಲ ಎರಡೇ ಚಿತ್ರ, ನಾಲ್ಕಿಂಚು ಮೌಂಟು. ಕೆಂಪು ಚುಕ್ಕೆ ಇಡಲ್ಲ.

ಇನ್ನೊಂದು. 23×30 ಫ್ರೇಮು ಬಸ್ಸಿನಲ್ಲಿ ಹೋಗುತ್ತಾ, ಜನಶತಾಬ್ದಿಯೇ ವಾಸಿಯಾ?

ಫ್ರೇಮ್ ಅಂಗಡಿ, ಮೈಸೂರು

ರೈಲು. ಕಿಟಕಿ ಸೀಟು ತಗೊಳ್ಳಿ. ಎರಡೂ ಮುಖಕ್ಕೆ ಮುಖ ಇಟ್ಟು, ನಡುವೆ ರಟ್ಟು ಹಾಕಿ ಕಟ್ಟಿ, ಕಾಲಿನ ಹತ್ತಿರ ನಿಲ್ಲಿಸಿಕೊಳ್ಳಿ. ಮಲಗಿಸಬೇಡಿ.