ಹಿಟ್ಲರನ ಕಾಲದ ಡಾಕ್ಟರುಗಳು ಹೆದರಿ ಪಕ್ಷ ಸೇರಿದ್ರಾ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಸೈಕಿಯಾಟ್ರಿ ಪಿಜಿ ಮಾಡ್ತಿದ್ದೇನೆ. ಹಿಟ್ಲರನ ಜರ್ಮನಿಯಲ್ಲಿ ದೊಡ್ಡ ದೊಡ್ಡ ಸ್ಪೆಷಲಿಸ್ಟ್‌ಗಳೇ ನಾಜಿ ಪಕ್ಷ ಸೇರಿದ್ದರಂತೆ. ಸೇರದಿದ್ದರೆ ಜೀವಕ್ಕೇ ಅಪಾಯ ಇತ್ತಲ್ವಾ? ಅವರಾದರೂ ಏನು ಮಾಡಬೇಕಿತ್ತು?

ಉತ್ತರ: ನಮಸ್ಕಾರ. ನಾನೂ ಮನೋವೈದ್ಯೆ, ಪಿಜಿಗಳಿಗೆ ಈ ಇತಿಹಾಸ ಪಾಠ ಮಾಡುತ್ತೇನೆ. ಹೆದರಿ ಸೇರಿದರು ಅಂದುಕೊಂಡರೆ ನಮ್ಮ ಮನಸ್ಸಿಗೆ ಸಮಾಧಾನ, ಅಷ್ಟೇ. ಅಲ್ಲಿ ನೂರಕ್ಕೆ ಸುಮಾರು 45 ವೈದ್ಯರು ಪಕ್ಷದ ಸದಸ್ಯರಾಗಿದ್ದರು. ಸೇರದೆ ರೋಗಿಗಳನ್ನು ನೋಡಿಕೊಂಡಿದ್ದವರೂ ಬೇಕಾದಷ್ಟು ಜನ ಇದ್ದರು. ನಾಜಿ ವೈದ್ಯರ ಸಂಘ ಶುರುವಾಗಿದ್ದೇ 1929ರಲ್ಲಿ, ಹಿಟ್ಲರ್ ಅಧಿಕಾರಕ್ಕೆ ಬರುವ ಮೊದಲೇ. 1933ರಿಂದ ಯಹೂದಿ ವೈದ್ಯರನ್ನು ಹುದ್ದೆಗಳಿಂದ ತೆಗೆದರು, 1938ರಲ್ಲಿ ಲೈಸೆನ್ಸನ್ನೇ ಕಿತ್ತುಕೊಂಡರು. ಖಾಲಿಯಾದ ಕುರ್ಚಿಗಳಲ್ಲಿ ಕೂತವರು ಅವರ ಜೊತೆ ಕೆಲಸ ಮಾಡಿದವರೇ.

ನಮ್ಮ ವಿಭಾಗದ್ದು ಹೇಳಲೂ ಕಷ್ಟ. ಮನೋರೋಗಿಗಳನ್ನು, ಅಂಗವಿಕಲರನ್ನು ಕೊಲ್ಲೋಕೆ ನಾಜಿಗಳು ಮಾಡಿದ ಟಿ4 ಅನ್ನೋ ಯೋಜನೆಯಲ್ಲಿ ಆಸ್ಪತ್ರೆಗಳು ರೋಗಿಗಳ ಬಗ್ಗೆ ಫಾರಂ ತುಂಬಿ ಬರ್ಲಿನ್‌ಗೆ ಕಳಿಸಬೇಕಿತ್ತು. ಹೆಸರು, ಕಾಯಿಲೆ, ಎಷ್ಟು ವರ್ಷದಿಂದ ಇದ್ದಾರೆ, ಏನು ಕೆಲಸ ಮಾಡಬಲ್ಲರು, ಹೀಗೆ. ಮೂವರು ಸ್ಪೆಷಲಿಸ್ಟ್‌ಗಳು ಅದನ್ನು ಓದಿ ಮೂಲೆಯ ಚೌಕದಲ್ಲಿ ಗುರುತು ಹಾಕುತ್ತಿದ್ದರು. ಕೆಂಪು ಪ್ಲಸ್ ಅಂದರೆ ಸಾವು. ನೀಲಿ ಮೈನಸ್ ಅಂದರೆ ಬದುಕು. ನಾವು ದಿನಾ ಕೇಸ್‌ಶೀಟಿನಲ್ಲಿ ಬರೆಯುವ ಹಾಗೇ, ಪೆನ್ಸಿಲ್ ಹಿಡಿದು. ಆದರೆ ರೋಗಿಯ ಮುಖವನ್ನೂ ನೋಡದೆ! 1940, 41ರಲ್ಲಿ 70,000ಕ್ಕೂ ಜಾಸ್ತಿ ಜನರನ್ನು ವಿಷಾನಿಲ ಬಿಟ್ಟು ಕೊಂದರು. ಆಮೇಲೂ ನಿಲ್ಲಲಿಲ್ಲ. ಆಸ್ಪತ್ರೆಯಲ್ಲೇ ಊಟ ಕೊಡದೆ, ಔಷಧಿ ಹೆಚ್ಚು ಕೊಟ್ಟು ಸಾಯಿಸಿದರು.

ಪ್ರಶ್ನೆ: ಯಾರೂ ಆಗಲ್ಲ ಅನ್ನಲೇ ಇಲ್ವಾ ಮೇಡಂ? ಅಂದವರಿಗೆ ಏನಾಯ್ತು?

ಉತ್ತರ: ಅಂದವರಿದ್ದಾರೆ. ಜರ್ಮನಿಯ ಗ್ಯೋಟಿಂಗೆನ್ ಊರಿನ ಮನೋವೈದ್ಯ, ಪ್ರೊಫೆಸರ್ ಗಾಟ್‌ಫ್ರೀಡ್ ಎವಾಲ್ಡ್ ಅವರನ್ನು 1940ರ ಆಗಸ್ಟ್‌ನಲ್ಲಿ ಬರ್ಲಿನ್‌ಗೆ ಕರೆಸಿ, ನೀವೂ ಈ ಗುರುತು ಹಾಕುವ ಕೆಲಸಕ್ಕೆ ಬನ್ನಿ ಅಂದರು. ಅವರು ಒಪ್ಪದೆ ಸಭೆಯಿಂದ ಎದ್ದು ಬಂದರು. ಯಾಕೆ ಒಪ್ಪಲ್ಲ ಅಂತ ಬರೆದೂ ಕೊಟ್ಟರು. ಅವರ ಪ್ರೊಫೆಸರ್ ಹುದ್ದೆ ಹೋಗಲಿಲ್ಲ. ಹಾಗಂತ ಅವರನ್ನು ದೇವರು ಮಾಡೋದು ಬೇಡ, ಅವರ ಆಸ್ಪತ್ರೆಯಿಂದಲೂ ರೋಗಿಗಳನ್ನು ಸಾಗಿಸಿದರು. ಕೆಲವರನ್ನಷ್ಟೇ ಅವರಿಗೆ ಉಳಿಸಿಕೊಳ್ಳೋಕಾಯ್ತು.

ನೀವು ಏನು ಮಾಡಬೇಕಿತ್ತು ಅಂತ ಕೇಳಿದ್ರಲ್ಲ, ಆ ಮೇಜಿನ ಸುತ್ತ ಕೂತಿದ್ದ ಉಳಿದವರಿಗೂ ಬಾಗಿಲು ಅಷ್ಟೇ ದೂರ ಇತ್ತು. ಅವರು ಏಳಲಿಲ್ಲ. ಜರ್ಮನಿಯ ಮನೋವೈದ್ಯರ ಸಂಘ ಇದಕ್ಕೆಲ್ಲ ಬಹಿರಂಗವಾಗಿ ಕ್ಷಮೆ ಕೇಳಿದ್ದು 2010ರಲ್ಲಿ.