ತುದಿಗಾಲಲ್ಲೇ ಓಡುವ ಮಗಳು

ಪ್ರಶ್ನೆ, ಕಲಬುರಗಿಯಿಂದ:
ಮಗಳಿಗೆ 1 ವರ್ಷ 8 ತಿಂಗಳು. ಸ್ನಾನವಾದ ಮೇಲೆ ಶಹಾಬಾದ್ ಕಲ್ಲಿನ ನೆಲದ ಮೇಲೆ ಓಡಿದರೆ ಒದ್ದೆ ಬೆರಳುಗಳ ಗುರುತಷ್ಟೇ ಮೂಡುತ್ತದೆ, ಹಿಮ್ಮಡಿಯದು ಇಲ್ಲವೇ ಇಲ್ಲ. ‘ನೆಲ ಕಾದಿದೆ, ಅದಕ್ಕೇ’ ಎನ್ನುತ್ತಾರೆ ಅತ್ತೆ. ಬೆಳಗಿನ ಆರಕ್ಕೂ ಕಾದಿರುತ್ತದೆಯೇ?

ಉತ್ತರ:
ಸುಮ್ಮನೆ ನಿಂತಾಗ ಹಿಮ್ಮಡಿ ಊರುತ್ತಾಳೆಯೇ ನೋಡು ತಂಗಿ. ಊರಿದರೆ ಗಾಬರಿ ಬೇಡ, ನಡಿಗೆ ಕಲಿಯುವಾಗ ಇದು ಸಾಮಾನ್ಯ. ನನ್ನ ಮಗ ತಾನಾಗಿಯೇ ಬಿಟ್ಟ. ವಾಕರ್ ಇದ್ದರೆ ಮಾತ್ರ ಇಂದೇ ಅಟ್ಟಕ್ಕೆ ಹಾಕು.

ಇನ್ನೊಬ್ಬರು:
2 ವರ್ಷ ದಾಟಿಯೂ ಮುಂದುವರಿದರೆ, ಒಂದೇ ಕಾಲಿನಲ್ಲಿ ಕಂಡರೆ, ಮೀನಖಂಡ ಬಿಗಿಯಾಗಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ. ಮಾತು ತಡವಾಗಿದ್ದರೂ ಹೇಳಿ.

ಕೇಳಿದವರು:
ನಾನು ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂರುತ್ತಾಳೆ, ಆಗ ಹಿಮ್ಮಡಿ ಪೂರ್ತಿ ನೆಲಕ್ಕೆ! ವಾಕರ್ ಅಟ್ಟ ಸೇರಿತು. ತಂದುಕೊಟ್ಟಿದ್ದ ಅತ್ತೆಗೆ ಸ್ವಲ್ಪ ಮುನಿಸು.